ಅಪ್ಪ ಬರೆಸಿದ ಏಳನೆಯ ನಿಯಮ

ನನ್ನ ಇಪ್ಪತ್ತರ ಹರೆಯದ ನಾಲ್ಕು ವರ್ಷಗಳು ಹಳೇ ಕಾರುಗಳ ನಿಯಮ ಬರೆಯುವುದರಲ್ಲಿ ಹಾಳಾದವು. ಹಾಳಾದವು ಅಂತಲೇ ಹೇಳುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ. ನನ್ನ ಓರಗೆಯ ಹುಡುಗಿಯರೆಲ್ಲ ಆ ಹೊತ್ತಿಗೆ ಮದುವೆಯಾಗಿ ತಮ್ಮ ತಮ್ಮ ಮನೆಯ ಜಗಳಗಳಲ್ಲಿ ಸುಖವಾಗಿದ್ದರು. ನಾನು ಮಾತ್ರ ದಿಂಡಿಗಲ್ಲಿನ ಒಂದು ಚರ್ಮದ ಮಂಡಿಯ ಮಹಡಿಯಲ್ಲಿ, ಮೂಗಿಗೆ ಸೆರಗು ಒತ್ತಿಕೊಂಡು, ಮಡ್‌ಗಾರ್ಡು ಕಾರಿನ ಅಂಗವೋ ಅಲಂಕಾರವೋ ಎಂದು ಎಂಟು ಜನ ದೊಡ್ಡ ಮನುಷ್ಯರು ಕಿತ್ತಾಡುವುದನ್ನು ಬರೆದುಕೊಳ್ಳುತ್ತಿದ್ದೆ.

ನಮ್ಮದು ಕಂಬಂ ಪಕ್ಕದ ಹಳ್ಳಿ. ದ್ರಾಕ್ಷಿ ಚಪ್ಪರ, ಒಂದಿಷ್ಟು ಗದ್ದೆ, ಬದುವಿನ ಉದ್ದಕ್ಕೂ ತೆಂಗು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅರವತ್ತರ ದಶಕದ ಮೊದಲಲ್ಲಿ, ಮೇಲಿನ ಏಲಕ್ಕಿ ಎಸ್ಟೇಟಿನ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ, ಯುದ್ಧಕ್ಕೂ ಮುಂಚಿನ ತನ್ನ ಎರಡು ಸೀಟಿನ ಹಸಿರು ಕಾರನ್ನು ಅಪ್ಪನಿಗೆ ಬಿಟ್ಟುಹೋದ. ಅಪ್ಪ ಅದನ್ನು ಘಾಟಿಯಲ್ಲಿ ಇಳಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ ದಿನ ಅವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮಳೆ ಬಂದ್ರೆ ಸೂರಿಲ್ಲ, ಮೂಟೆ ಹಾಕಾಕೆ ಎಡಂ ಇಲ್ಲ. ಮೂರು ಜನ ಕೂರಂಗಿಲ್ಲ. ಇದು ಗಾಡಿಯಾ, ತೊಟ್ಟಿಲಾ?"

ಅಪ್ಪ ನಕ್ಕು ಬಾನೆಟ್ ಎತ್ತಿದ. ಆ ಬಾನೆಟ್ಟಿನ ಕೆಳಗೆ ಬಾಗಿದ ತಲೆ ಮತ್ತೆ ನೆಟ್ಟಗಾಗಲೇ ಇಲ್ಲ ಅನ್ನಬಹುದು. ಹೊತ್ತು ಹುಟ್ಟುವ ಮುಂಚೆ ತೋಟಕ್ಕೆ ನೀರು ಬಿಟ್ಟು ಬಂದವನು ಆಮೇಲೆ ಇಡೀ ದಿನ ಅದರ ಸೇವೆ ಮಾಡುತ್ತಿದ್ದ.

ದಿಂಡಿಗಲ್ಲಿನಲ್ಲಿ ಇಂಥದೇ ಹುಚ್ಚಿನ ಇನ್ನೂ ಏಳು ಜನ ಇದ್ದರು. ಇಬ್ಬರು ಡಾಕ್ಟರರು, ಒಬ್ಬ ಚರ್ಮದ ವ್ಯಾಪಾರಿ, ಇಬ್ಬರು ಎಸ್ಟೇಟ್ ಮ್ಯಾನೇಜರುಗಳು, ಒಂದು ನೂಲಿನ ಮಿಲ್ಲಿನ ಯಜಮಾನರ ಮಗ, ಮತ್ತೆ ಸರ್ಕಾರಿ ಕೆಲಸದಿಂದ ನಿವೃತ್ತರಾದ ಒಬ್ಬ ಇಂಜಿನಿಯರ್. ಎಲ್ಲರೂ ಸೇರಿ ಒಂದು ಸಂಘ ಮಾಡಿಕೊಂಡರು. ಪೊಂಗಲ್ ಕಳೆದು ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ, ಸಿರುಮಲೆಯ ಬುಡದ ಎಸ್ಟೇಟೊಂದರ ಖಾಸಗಿ ಘಾಟ್ ರಸ್ತೆಯಲ್ಲಿ ಪಂದ್ಯ. ಒಂದು ಸಲಕ್ಕೆ ಒಂದೇ ಕಾರು. ಏರಿನ ಬುಡದಲ್ಲಿ ಸುಣ್ಣದ ಗೆರೆ. ಅಲ್ಲಿಂದ ಹೊರಟು ಕೊನೆಯ ತಿರುವು ಮುಟ್ಟಿದಾಗ ಮೇಲೆ ನಿಂತವನು ಬಿಳಿ ಬಾವುಟ ಬೀಸುತ್ತಾನೆ, ಕೆಳಗೆ ಗಡಿಯಾರ ಹಿಡಿದವರು ನಿಲ್ಲಿಸುತ್ತಾರೆ. ಆ ಸಮಯವನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಅಷ್ಟೇ. ಬಹುಮಾನದ ಕಪ್ಪೂ ಇಲ್ಲ, ಹಾರವೂ ಇಲ್ಲ. ಆ ಹಲಗೆಯ ಮೇಲೆ ತನ್ನ ಹೆಸರಿನ ಮುಂದೆ ಒಂದು ಸಮಯ ಬರಬೇಕು ಅನ್ನುವುದು ಅಪ್ಪನ ಆಸೆ. ನಾಲ್ಕು ವರ್ಷ ಆ ಮನುಷ್ಯ ಬಯಸಿದ್ದು ಅದೊಂದನ್ನೇ.

ನಾನು ಇದರಲ್ಲಿ ಸಿಕ್ಕಿಬಿದ್ದದ್ದು ನನ್ನ ಓದಿನಿಂದ. ಹತ್ತನೆಯದಕ್ಕಿಂತ ಒಂದು ಮೆಟ್ಟಿಲು ಮೇಲೆ ಓದಿ, ಟೈಪ್‌ರೈಟಿಂಗ್ ಪರೀಕ್ಷೆ ಪಾಸು ಮಾಡಿದ್ದೆ. ಸಂಘದ ನಿಯಮಗಳು ಇಂಗ್ಲಿಷಿನಲ್ಲಿರಬೇಕು ಅಂತ ಇಂಜಿನಿಯರರ ಹಠ. ಅಪ್ಪನಿಗೆ ಇಂಗ್ಲಿಷ್ ಬಾರದು. "ನನ್ ಮಗಳು ಬರೀತಾಳೆ," ಅಂದುಬಿಟ್ಟ. ಬೇರೆ ಯಾರಿಗೂ ಬರೆಯುವ ಮನಸ್ಸಿರಲಿಲ್ಲವಾದ್ದರಿಂದ ಹೆಣ್ಣು ಹುಡುಗಿ ಎಂಬ ಆಕ್ಷೇಪಣೆ ಐದು ನಿಮಿಷದಲ್ಲಿ ಕರಗಿಹೋಯಿತು.

ಮೊದಲನೆಯ ವರ್ಷ ಅಪ್ಪ ಭಾರ ಇಳಿಸಲೆಂದು ನಾಲ್ಕೂ ಮಡ್‌ಗಾರ್ಡು ಬಿಚ್ಚಿ ಅಟ್ಟಕ್ಕೆ ಹಾಕಿ ಹೋದ. ಮಡ್‌ಗಾರ್ಡು ಇಲ್ಲದ ಕಾರು ಓಡಬಾರದು ಎಂದು ಹಿಂದಿನ ಸಂಜೆಯಷ್ಟೇ ನಿಯಮ ಮಾಡಿದ್ದರಂತೆ. ಯಾರೂ ಕಂಬಂಗೆ ಸುದ್ದಿ ಕೊಟ್ಟಿರಲಿಲ್ಲ. ಗೆರೆಯ ಹತ್ತಿರಕ್ಕೂ ಬಿಡಲಿಲ್ಲ. ಮುಂದಿನ ವರ್ಷ ಮಡ್‌ಗಾರ್ಡು ಬಿಗಿದು, ಬಣ್ಣ ಹೊಡೆಸಿ ಹೋದರೆ, ಈಗ ಮಡ್‌ಗಾರ್ಡು ಇದ್ದರೂ ಸರಿ ಇಲ್ಲದಿದ್ದರೂ ಸರಿ, ಆದರೆ ಕಾರು ಇಂತಿಷ್ಟು ತೂಗಬೇಕು! ಹತ್ತಿಯ ಗೋಡೌನಿನ ತೂಕದ ಕಟ್ಟೆಯ ಮೇಲೆ ಒಂದೊಂದನ್ನೂ ಹತ್ತಿಸಿದರು. ನಮ್ಮದು ಒಂದು ಒರಳುಕಲ್ಲಿನಷ್ಟು ಕಮ್ಮಿ ಬಂತು. ಒರಳುಕಲ್ಲಿನಷ್ಟು ಅಂತ ಸುಮ್ಮನೆ ಹೇಳುತ್ತಿಲ್ಲ. ಅಪ್ಪ ಹೋಗಿ ಹತ್ತಿರದ ಒಂದು ಮನೆಯವರನ್ನು ಕಾಡಿ ಬೇಡಿ ಒರಳುಕಲ್ಲನ್ನೇ ಹೊತ್ತುತಂದು ಪಕ್ಕದ ಸೀಟಿನಲ್ಲಿ ಕೂರಿಸಿದ. ತೂಕ ಸರಿಹೋಯಿತು. ಆಗ ಇಂಜಿನಿಯರರು ಕನ್ನಡಕ ಮೇಲೇರಿಸಿ, ಹೆಚ್ಚಿನ ಭಾರವನ್ನು ಬೋಲ್ಟ್ ಹಾಕಿ ಬಿಗಿದಿರಬೇಕು ಎಂದು ಆ ಬೆಳಗ್ಗೆಯಷ್ಟೇ ನನ್ನ ಕೈಯಿಂದಲೇ ಬರೆಸಿದ್ದ ನಿಯಮ ಓದಿದರು. ಒರಳುಕಲ್ಲಿಗೆ ಬೋಲ್ಟ್ ಹೊಡೆಯುವುದು ಹೇಗೆ? ಮನೆಗೆ ಬಂದೆವು.

ಮೂರನೆಯ ವರ್ಷದ ತಪ್ಪು ಮಾತ್ರ ಪೂರ್ತಿ ಅಪ್ಪನದು. ಎಲ್ಲ ಸರಿಯಿತ್ತು. ಮಡ್‌ಗಾರ್ಡಿತ್ತು, ಸೀಟಿನ ಕೆಳಗೆ ಕಬ್ಬಿಣದ ಹಲಗೆ ಬೋಲ್ಟ್ ಸಮೇತ ಇತ್ತು. ಆದರೆ ಮಿಲ್ಲಿನ ಯಜಮಾನರ ಮಗ ತನ್ನ ಹಳೇ ಕಾರಿಗೆ ಜೀಪಿನ ಇಂಜಿನ್ ಕೂರಿಸಿಕೊಂಡು ಬಂದಿದ್ದ. ಅವನ ಗಾಡಿ ಗುಡುಗುಟ್ಟುತ್ತ ಏರು ಹತ್ತಿದ್ದೇ ಅಪ್ಪನ ಮೈಯೆಲ್ಲ ಉರಿದುಹೋಯಿತು. "ಮುದುಕನ ಮೈಗೆ ಹುಡುಗನ ಎದೆ ಹೊಲಿದು ತಂದವ್ನೆ. ಇದು ನ್ಯಾಯಂ ಏನು?" ಅಂತ ಕೂಗಾಡಿ, ಈ ಪಂದ್ಯದಲ್ಲಿ ತಾನು ಓಡಿಸುವುದಿಲ್ಲ ಎಂದು ಗೆರೆಯ ಮುಂದಿನಿಂದ ಗಾಡಿ ತಿರುಗಿಸಿಬಿಟ್ಟ. ನಾನು ಬೇಡಿಕೊಂಡೆ. "ಅಪ್ಪಾ, ಮೊದ್ಲು ಓಡ್ಸಿ ಬನ್ನಿ, ಆಮೇಲೆ ಜಗಳ ಆಡ್ರಿ. ಜಗಳ ಎಲ್ಲಿಗೂ ಓಡಿಹೋಗಾಕಿಲ್ಲ." ಕೇಳುವ ಪ್ರಾಣಿಯೇ ಅದು!

ಮುಂದಿನ ತಿಂಗಳ ಸಭೆಯಲ್ಲಿ ಅಪ್ಪ ಮೇಜು ಗುದ್ದಿ ಏಳನೆಯ ನಿಯಮ ಬರೆಸಿದ. ಕಾರಿನ ಪ್ರತಿಯೊಂದು ಭಾಗವೂ ಅದನ್ನು ಮಾಡಿದ ಕಂಪನಿಯದೇ ಆಗಿರಬೇಕು, ಬೇರೆಯವರು ಮಾಡಿದ್ದು ಸಲ್ಲದು. ಬೆರಳು ಮಡಿಸಿ ಮಡಿಸಿ ಎಣಿಸಿದ. ಇಂಜಿನು, ಗೇರು, ಚಕ್ರ, ಬ್ರೇಕು. ನಾನು ಬರೆದುಕೊಂಡೆ. ಆಗ ಹೊರದೇಶದ ಸಾಮಾನು ತರಿಸುವುದೇ ದುರ್ಲಭ. ಲೈಸೆನ್ಸು, ಪರ್ಮಿಟ್ಟು, ಮದ್ರಾಸಿಗೆ ಹತ್ತು ಕಾಗದ. ಹಾಗಾಗಿ ಇಂಜಿನಿಯರರು ಬಾಲಕ್ಕೆ ಇನ್ನೊಂದು ಸಾಲು ಸೇರಿಸಿದರು. ನಿಜವಾಗಿ ತೊಂದರೆಯಿದ್ದವನು ಪಂದ್ಯದ ದಿನ ತಾನೇ ಸಹಿ ಮಾಡಿ ಅರ್ಜಿ ಕೊಟ್ಟರೆ, ಉಳಿದವರ ತಕರಾರಿಲ್ಲದಿದ್ದರೆ, ಬಿಡಬಹುದು. ಅಪ್ಪ ಅದಕ್ಕೂ ಬೇಡ ಅಂದ. ಎಂಟರಲ್ಲಿ ಒಬ್ಬನೇ ಬೇಡ ಅಂದದ್ದರಿಂದ ಆ ಸಾಲು ಉಳಿಯಿತು. ಮಿಲ್ಲಿನ ಹುಡುಗ ಒಂದೂ ಮಾತಾಡದೆ ಜೀಪಿನ ಇಂಜಿನ್ ಬಿಚ್ಚಿಸಿ ಹಳೆಯದನ್ನು ಹಾಕಿಸಿಕೊಂಡ. ಅದು ಅವನ ದೊಡ್ಡತನ, ಈಗ ಅನ್ನಿಸುತ್ತದೆ. ಆಗ ನಮಗೆ ಅದು ಸೊಕ್ಕಿನ ಹಾಗೆ ಕಂಡಿತ್ತು.

ಆ ಬೇಸಿಗೆಯಲ್ಲೇ ಅಪ್ಪನ ಕಣ್ಣು ಕೈಕೊಡಲು ಶುರುವಾಯಿತು. ಮೊದಲು ಪಂಚಾಂಗದ ಅಕ್ಷರ ಹೋಯಿತು, ಆಮೇಲೆ ಬಸ್ಸಿನ ಬೋರ್ಡು. ಆಂಡಿಪಟ್ಟಿಯ ಮೇಲೆ ಹಾಯ್ದು ಮಧುರೆಗೆ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ದೀಪ ಹಾಕಿ ನೋಡಿ, ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಕತ್ತರಿಯೂ ಇಲ್ಲ ಕನ್ನಡಕವೂ ಇಲ್ಲ, ಬರುವ ವರ್ಷದ ಹೊತ್ತಿಗೆ ಗಾಡಿ ಬಿಟ್ಟುಬಿಡಿ ಅಂದರು. ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಊರು ಬರುವ ಹೊತ್ತಿಗೆ, "ಅಕ್ಷರ ಕಾಣಾಕಿಲ್ಲ. ರಸ್ತೆ ಕಾಣ್ತದೆ. ಇನ್ನೊಂದು ಪಂದ್ಯ ಐತೆ ಮಗಾ," ಅಂದ. ಸಂಘದಲ್ಲಿ ಮಡ್‌ಗಾರ್ಡಿಗೆ ನಿಯಮವಿತ್ತು, ಬೋಲ್ಟಿಗೆ ನಿಯಮವಿತ್ತು, ಕಣ್ಣಿಗೆ ಮಾತ್ರ ಯಾವ ನಿಯಮವೂ ಇರಲಿಲ್ಲ. ನಾನೂ ಬಾಯಿಬಿಡಲಿಲ್ಲ.

ಹೀಗೆ ಕೊನೆಯ ಒಂದು ಪಂದ್ಯ ಉಳಿದಿರುವಾಗ ಏನು ಮುರಿಯಬೇಕು ಹೇಳಿ? ಇಂಜಿನಲ್ಲ, ಗೇರಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಕೈಬ್ರೇಕಿನ ಲಿವರಿಗೆ ಒಂದು ಹಲ್ಲಿನ ಪಟ್ಟಿ ಇರುತ್ತದೆ. ಆ ಹಲ್ಲಿಗೆ ಕಚ್ಚಿಕೊಳ್ಳುವ ಬೆರಳುದ್ದದ ಒಂದು ಉಕ್ಕಿನ ಕೊಕ್ಕೆ. ಅದು ಮುರಿಯಿತು. ಅದರಿಂದ ಗಾಡಿ ಒಂದು ಕೂದಲೆಳೆಯಷ್ಟೂ ಜೋರಾಗಿ ಓಡುವುದಿಲ್ಲ. ಆದರೆ ಗೆರೆಯ ಮೇಲೆ ಕೈಬ್ರೇಕು ಹಿಡಿದು ತೋರಿಸದೆ ಇಂಜಿನಿಯರರು ಯಾರನ್ನೂ ಬಿಡುತ್ತಿರಲಿಲ್ಲ. ಇಂಗ್ಲೆಂಡಿನಿಂದ ಕೊಕ್ಕೆ ಬರುವ ಮಾತೇ ಇಲ್ಲ.

"ಕಟ್ಟಿದ್ದೂ ನೀವೇ, ಈಗ ತಲೆ ಚಚ್ಕಳೋದೂ ನೀವೇ," ಅಂದಳು ಅವ್ವ. "ಒಂದು ಕಾಗದ ಗೀಚಾಕಿ, ಬಿಡ್ತಾರೆ."

"ನಾ ಕೇಳಾಕಿಲ್ಲ."

ಈ ಎರಡು ಮಾತಿನ ಹಿಂದೆ ನಮ್ಮ ಜನರ ಒಂದು ರೂಢಿ ಇದೆ. ಊರ ಕೂಟದಲ್ಲಿ ಎದ್ದು ನಿಂತು ಒಂದು ಕಟ್ಟು, ಅಂದರೆ ಕಟ್ಟಳೆ, ಹೇಳಿದವನು, ಆ ಕಟ್ಟು ತನ್ನ ಕಾಲಿಗೇ ತೊಡರಿದಾಗ ಸಡಿಲಿಸಿ ಎಂದು ತಾನೇ ಕೇಳುವಂತಿಲ್ಲ. ಬೇರೆ ಯಾರಾದರೂ ತಾವಾಗಿ ಎದ್ದು ಅವನ ಪರ ಕೇಳಬೇಕು. ಅವನು ಹೇಳಿಕಳಿಸಿ ಕೇಳಿಸಿದರೂ ಅದು ಮಾನಗೇಡು. ನಮ್ಮ ದೊಡ್ಡಪ್ಪ ಒಂದು ಸಲ ಕಾಲುವೆಗೆ ಹಗಲಲ್ಲಿ ಯಾರೂ ತೂಬು ಎತ್ತಬಾರದು ಅಂತ ಕಟ್ಟು ಹೇಳಿದ. ಆ ವರ್ಷವೇ ಅವನ ವೀಳ್ಯದ ಬಳ್ಳಿಗೆ ಹಗಲು ನೀರು ಬೇಕಾಯಿತು. ದೊಡ್ಡಪ್ಪ ಕೇಳಲಿಲ್ಲ. ನಾವು ಎದ್ದು ಕೇಳಿದರೆ ದೊಡ್ಡ ಮನುಷ್ಯನಿಗೆ ಅವಮಾನವಾದೀತು ಅಂತ ಊರವರೂ ಕೇಳಲಿಲ್ಲ. ಬಳ್ಳಿ ಒಣಗಿತು. ಇದನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ನನಗಂತೂ ಚಿಕ್ಕಂದಿನಿಂದಲೂ ಅದನ್ನು ಕೇಳಿದಾಗಲೆಲ್ಲ ಆ ಬಳ್ಳಿ ಏನು ಪಾಪ ಮಾಡಿತ್ತು ಅನ್ನಿಸುತ್ತಿತ್ತು.

ಅರ್ಜಿ ಕೊಡಲೊಲ್ಲದ ಅಪ್ಪ ದಿಂಡಿಗಲ್ಲಿನ ಬೀಗ ಮಾಡುವವರ ಬೀದಿಗೆ ಹೋದ. ಹಲ್ಲು, ಕೊಕ್ಕೆ, ಸ್ಪ್ರಿಂಗು, ಇವೆಲ್ಲ ಬೀಗದವರಿಗೆ ದಿನದ ಕೆಲಸ. ಒಬ್ಬ ವಯಸ್ಸಾದ ಆಚಾರಿ ಮುರಿದ ಕೊಕ್ಕೆಯನ್ನು ಅಂಗೈಯಲ್ಲಿ ತೂಗಿ ನೋಡಿ, ಉಕ್ಕಿನ ಪಟ್ಟಿ ಕತ್ತರಿಸಿ, ಮೂರು ದಿನ ಅರ ಹಿಡಿದು ಉಜ್ಜಿ, ಬೆಂಕಿಯಲ್ಲಿ ಹದ ಕೊಟ್ಟು ಹೊಸದನ್ನು ಮಾಡಿದ. ಹಾಕಿ ಲಿವರ್ ಎಳೆದರೆ ಟಕ್ ಟಕ್ ಅಂತ ಹಲ್ಲಿಗೆ ಕಚ್ಚಿಕೊಂಡು ಎತ್ತು ಕಟ್ಟಿ ಎಳೆದರೂ ಜಾರುವ ಹಾಗಿಲ್ಲ. ಏಳನೆಯ ನಿಯಮ ಏನಾಯಿತು ಅಂತ ನಾನು ಕೇಳಿದೆ. "ಇಷ್ಟು ಸಣ್ಣದನ್ನ ಯಾರ್ ನೋಡ್ತಾರೆ," ಅಂದ ಅಪ್ಪ. ಬೆರಳು ಮಡಿಸಿ ಬ್ರೇಕು ಅಂದವನು ಇವನೇ! ತನ್ನ ಕೈಕೆಲಸ ಏರು ಹತ್ತುವುದನ್ನು ನೋಡಲು ಬರುತ್ತೇನೆ ಅಂದ ಆಚಾರಿ. ಬಾ ಅಂದೆವು.

ಪಂದ್ಯದ ಬೆಳಗ್ಗೆ ಇಂಜಿನಿಯರರು ಒಂದೊಂದೇ ಕಾರಿನೊಳಗೆ ತಲೆ ಹಾಕಿ ಪರೀಕ್ಷೆ ಮಾಡುತ್ತ ಬಂದರು. ನಾನು ರಿಜಿಸ್ಟರ್ ಹಿಡಿದು ಪಕ್ಕದಲ್ಲಿದ್ದೆ. ನಮ್ಮ ಕಾರಿನ ಕೈಬ್ರೇಕು ಎಳೆದರು, ಬಿಟ್ಟರು. ಮತ್ತೆ ಎಳೆದರು. ಆಮೇಲೆ ಬಗ್ಗಿ ನೋಡಿ, "ಇದೇನಮ್ಮಾ ಇಲ್ಲಿ, ಒಂದು ಅರ್ಧಚಂದ್ರ, ಎರಡು ಚುಕ್ಕೆ?" ಅಂದರು. ಯಾವ ಇಂಗ್ಲಿಷ್ ಕಂಪನಿಯೂ ಅರ್ಧಚಂದ್ರ ಹೊಡೆಯುವುದಿಲ್ಲ. ನಾನು ತಡವರಿಸುವಷ್ಟರಲ್ಲಿ ಹಿಂದಿನಿಂದ ಆಚಾರಿ, ಒಗೆದ ಬಿಳಿ ವೇಷ್ಟಿ ಉಟ್ಟು ಬಂದಿದ್ದವನು, ಜನರನ್ನು ಸರಿಸಿಕೊಂಡು ಮುಂದೆ ಬಂದ.

"ನಮ್ಮ ಮುದ್ರೆ ಐಯಾ!" ಅಂದ ತಮಿಳಿನಲ್ಲಿ, ಮುಖ ಅರಳಿಸಿಕೊಂಡು. "ನಮ್ಮ ತಾತನ ಕಾಲದಿಂದ ಮುದ್ರೆ ಒತ್ತದೆ ಒಂದು ಸಾಮಾನೂ ನಮ್ಮ ಪಟ್ಟಡೆಯ ಬಾಗಿಲು ದಾಟಿಲ್ಲ."

ಏನು ಹೇಳಲಿ! ಅವನನ್ನು ಬೈಯುವುದು ಹೇಗೆ? ಬೀಗದ ಮೇಲೆ ಮುದ್ರೆಯಿಲ್ಲದಿದ್ದರೆ ಅದು ಕಳ್ಳಮಾಲು ಅಂತ ತಿಳಿದು ಬೆಳೆದ ಕೈ ಅದು. ಇಂಜಿನಿಯರರು ಅಪ್ಪನ ಕಡೆ ತಿರುಗಿದರು. ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. ಹೌದು, ಇವರೇ ಮಾಡಿದ್ದು, ಇಷ್ಟು ಚೆನ್ನಾಗಿ ಕಂಪನಿಯವರೂ ಮಾಡಿರಲಿಲ್ಲ ಅಂದ. ಆಚಾರಿ ಕೈಮುಗಿದ.

ಇಂಜಿನಿಯರರಿಗೆ ಸಂಕಟವಾಯಿತು. ಅವರು ಕೆಟ್ಟವರಲ್ಲ, ಬರೆದದ್ದು ಬರೆದ ಹಾಗೇ ನಡೆಯಬೇಕು ಅನ್ನುವ ಜಾತಿ. "ಎರಡು ಸಾಲು ಅರ್ಜಿ ಬರೆದುಕೊಡಿ ಐಯಾ. ಅದಕ್ಕಾಗೇ ತಾನೆ ಆ ಸಾಲು ಇಟ್ಟಿರೋದು," ಅಂದರು. ಮಿಲ್ಲಿನ ಯಜಮಾನರ ಮಗನೂ ಬಂದು ನಿಂತ. "ನನ್ನದು ತಕರಾರಿಲ್ಲ. ಐಯಾ ಕೇಳಲಿ, ಈಗಲೇ ಸಹಿ ಹಾಕ್ತೀನಿ." ಬೇರೆಯವರೂ ತಲೆಯಾಡಿಸಿದರು.

ಅಪ್ಪ ಎದೆಯ ಮೇಲೆ ಕೈಕಟ್ಟಿ ನಿಂತ. ನನ್ನ ಕಡೆ ತಿರುಗಿ, ನಮ್ಮ ಮಾತಿನಲ್ಲಿ, "ನಾ ಹೇಳಿದ ಕಟ್ಟು. ನಾ ಕೇಳಾಕಿಲ್ಲ. ಗಾಡಿ ತಿರುಗ್ಸು ಅಂದ್ರೆ ತಿರುಗುಸ್ತೀನಿ," ಅಂದ.

ನಾನು ಮಿಲ್ಲಿನ ಹುಡುಗನನ್ನು ಒಂದು ಕಡೆಗೆ ಕರೆದು, ನೀವೇ ಎದ್ದು ಇವರ ಪರ ಕೇಳಬಹುದಲ್ಲ ಅಂದೆ. ಹಾಗೆ ಕೇಳಿದ್ದೇ ರೂಢಿ ಮುರಿದ ಹಾಗೆ, ಗೊತ್ತಿತ್ತು. ಅವನು ಪಾಪ, ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟ. "ನಾನು ಹೇಗಮ್ಮಾ ಅರ್ಜಿ ಕೊಡೋದು? ಓಡಿಸುವವನೇ ಸಹಿ ಮಾಡಬೇಕು ಅಂತ ನೀವೇ ಬರೆದಿದ್ದೀರಿ." ನಾನೇ ಬರೆದಿದ್ದೆ. ಹಾಳಾದ ಕೈ. ಒಂದು ಕಡೆ ಸಂಘದ ನಿಯಮ, ಇನ್ನೊಂದು ಕಡೆ ನಮ್ಮ ಕೂಟದ ನಿಯಮ, ಮಧ್ಯದಲ್ಲಿ ಬೆರಳುದ್ದದ ಕೊಕ್ಕೆ. ಬಿಸಿಲು ಏರುತ್ತಿತ್ತು. ಎರಡು ಕಾರು ಆಗಲೇ ಏರು ಹತ್ತಿ ಇಳಿದಿದ್ದವು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಈ ಗಂಡಸರ ಮಾನ, ಇವರ ಸಹಿ, ಇವರ ಏಳು, ಎಂಟು, ಒಂಬತ್ತನೆಯ ನಿಯಮ! ಬರುವ ವರ್ಷ ಈ ಮನುಷ್ಯನಿಗೆ ರಸ್ತೆಯೂ ಕಾಣುವುದಿಲ್ಲ ಅಂತ ಅಲ್ಲಿ ನನಗೊಬ್ಬಳಿಗೇ ಗೊತ್ತು.

ಮೇಜಿನ ಹತ್ತಿರ ಹೋಗಿ ಅರ್ಜಿ ಬರೆದೆ. ಇಂಗ್ಲಿಷಿನಲ್ಲಿ, ಎರಡೇ ಸಾಲು. ತಂದು ಕಾರಿನ ಬಾಗಿಲ ಮೇಲೆ ರಿಜಿಸ್ಟರ್ ಇಟ್ಟು, ಅದರ ಮೇಲೆ ಕಾಗದ ಇಟ್ಟು, ಪೆನ್ನು ಅಪ್ಪನ ಕೈಗೆ ಕೊಟ್ಟೆ.

"ಏನ್ ಮಗಾ ಇದು?"

"ಓಡುಸ್ಬೋದಂತೆ ಅಪ್ಪಾ. ರಿಜಿಸ್ಟರ್ ರುಜು. ಮಿಲ್ಲಿನವರ ಮಗನೇ ಎದ್ದು ಕೇಳ್ದ, ಎಲ್ರೂ ಒಪ್ಕಂಡ್ರು."

ಅಪ್ಪ ತಲೆಯೆತ್ತಿದ. ನನ್ನ ಮುಖ ಅವನಿಗೆ ಎಷ್ಟು ಕಾಣುತ್ತಿತ್ತೋ ಕಾಣೆ. "ಅವ್ನೇ ಎದ್ದು ಕೇಳ್ದನಾ? ಯಾರೂ ಹೇಳ್ದೆ?"

"ಹೂಂ. ಯಾರೂ ಹೇಳ್ದೆ."

"ನಾ ಅವ್ನ ಇಂಜಿನ್ ಬಿಚ್ಸಿದ್ದೆ," ಅಂದ. ಆಮೇಲೆ, "ಎಲ್ಲಿ ಹಾಕ್ಲಿ?" ಅಂದ. ಅವನ ಬೆರಳು ಹಿಡಿದು ಜಾಗ ತೋರಿಸಿದೆ. ಸಹಿ ಹಾಕಿದ.

ಅಪ್ಪ ಏರು ಹತ್ತಿದ್ದನ್ನು ನಾನು ನೋಡಿದ್ದೇನೆ. ಗೆರೆಯ ಮೇಲೆ ಕೈಬ್ರೇಕು ಹಿಡಿದು ನಿಂತ ಗಾಡಿ ಒಂದು ಅಂಗುಲ ಹಿಂದಕ್ಕೆ ಬರಲಿಲ್ಲ. ಹೊರಡುವ ಬಾವುಟ ಬಿದ್ದೊಡನೆ ಹಾರಿತು. ಮೊದಲ ತಿರುವು, ಎರಡನೆಯದು. ಮರದ ಸಂದಿನಲ್ಲಿ ಹಸಿರು ಬಣ್ಣ ಕಂಡು ಮರೆಯಾಗಿ ಮತ್ತೆ ಕಾಣುತ್ತಿತ್ತು. ಮೂರನೆಯ ತಿರುವಿನಲ್ಲಿ ಹಿಂದಿನ ಚಕ್ರ ಜಾರಿದ ಸದ್ದು ಕೇಳಿ ನಾನು ಕಣ್ಣು ಮುಚ್ಚಿಕೊಂಡೆ. ಇಷ್ಟು ಹೊತ್ತು ಕೊಕ್ಕೆಗಾಗಿ ಜಗಳವಾಡಿ, ಕಣ್ಣು ಕಾಣದವನನ್ನು ಘಾಟಿಗೆ ಬಿಟ್ಟೆನಲ್ಲ, ನನಗೇನು ಬುದ್ಧಿ ಇದೆಯೇ ಅಂತ ನನ್ನನ್ನೇ ಬೈದುಕೊಂಡೆ. ಆಮೇಲೆ ಬಿಳಿ ಬಾವುಟ ಬೀಸಿದ್ದು ಕಾಣಿಸಿತು. ಇಂಜಿನಿಯರರು ಗಡಿಯಾರ ನಿಲ್ಲಿಸಿ, ತಾವೇ ಹೋಗಿ, ಹಲಗೆಯ ಮೇಲೆ ಅಪ್ಪನ ಹೆಸರಿನ ಮುಂದೆ ಸಮಯ ಬರೆದರು. ಆ ದಿನದ ಅಲ್ಲಿಯವರೆಗಿನ ಸಮಯಗಳಲ್ಲಿ ಅದು ಎರಡನೆಯದು. ಆಚಾರಿ ಹಲಗೆಯ ಮುಂದೆ ಕುಣಿದುಬಿಟ್ಟ. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಅಪ್ಪ ನಿಧಾನವಾಗಿ ಗಾಡಿ ಇಳಿಸಿಕೊಂಡು ಬಂದ. ಇಳಿದವನು ಹಲಗೆಯ ಕಡೆ ಬರಲಿಲ್ಲ, ನನ್ನ ಕಡೆಯೂ ಬರಲಿಲ್ಲ. ನೆಟ್ಟಗೆ ಮಿಲ್ಲಿನ ಯಜಮಾನರ ಮಗನನ್ನು ಹುಡುಕಿಕೊಂಡು ಹೋದ. ಅದನ್ನು ನಾನು ಯೋಚಿಸಿರಲೇ ಇಲ್ಲ! ನಮ್ಮಲ್ಲಿ ಪರವಾಗಿ ಎದ್ದು ಕೇಳಿದವನ ಎರಡೂ ಕೈ ಹಿಡಿದು ಎಲ್ಲರ ಮುಂದೆ ಉಪಕಾರ ಹೇಳಬೇಕು. ಹೇಳದೆ ಇರುತ್ತಾನೆಯೇ ನಮ್ಮಪ್ಪ? ನಾನು ಓಡಿದೆ. ಮುಟ್ಟುವಷ್ಟರಲ್ಲಿ ಅಪ್ಪ ಆ ಹುಡುಗನ ಕೈ ಹಿಡಿದಾಗಿತ್ತು.

"ತಂಬೀ, ನಾನು ನಿನಗೆ ಅಡ್ಡ ಬಂದವನು. ನೀನು ನನಗಾಗಿ ಎದ್ದು ಕೇಳಿದೆ."

"ನಾನೆಲ್ಲಿ ಕೇಳಿದೆ ಐಯಾ?" ಅಂದ ಅವನು ನಗುತ್ತ. "ನೀವೇ ಅರ್ಜಿ ಕೊಟ್ಟಿರಲ್ಲ. ನಾನು ಕೆಳಗೆ ತಕರಾರಿಲ್ಲ ಅಂತ ಸಹಿ ಹಾಕಿದೆ, ಅಷ್ಟೇ."

ಅಪ್ಪ ಅವನ ಕೈ ತಟ್ಟನೆ ಬಿಡಲಿಲ್ಲ. ಸ್ವಲ್ಪ ಹೊತ್ತು ಹಿಡಿದೇ ನಿಂತಿದ್ದು, ಆಮೇಲೆ ಮೆತ್ತಗೆ ಬಿಟ್ಟ. ನಾನು "ಅಪ್ಪಾ" ಅಂದೆ. ಕೇಳಿಸದವನ ಹಾಗೆ ಹಲಗೆಯ ಹತ್ತಿರ ನಡೆದ. ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ, ಇಂಜಿನಿಯರರನ್ನು ಕೇಳಿದ.

"ಇದರಲ್ಲಿ ನನ್ನದು ಯಾವುದು ಸಾರ್?"

ನೋಡಿ ಸಂತೋಷಪಡಲಿ ಅಂತ ಅವರು ಬೆರಳಿಟ್ಟು ತೋರಿಸಿದರು. ಅಪ್ಪ ಅಂಗೈಯಿಂದ ಅದನ್ನು ಅಳಿಸಿದ. ಒಂದೇ ಸಲಕ್ಕೆ ಪೂರ್ತಿ ಹೋಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲವೆಂದು ತೋರುತ್ತದೆ, ಮತ್ತೆ ಎರಡು ಸಲ ಒರೆಸಿದ. ಕೈಗೆ ಹತ್ತಿದ ಸುಣ್ಣವನ್ನು ಕೊಡವಿಕೊಂಡು ಬಂದು ಕಾರಿನಲ್ಲಿ ಕೂತ.

ಆಚಾರಿಯನ್ನು ಹೇಗಾದರೂ ಒತ್ತರಿಸಿ ಕೂರಿಸಿಕೊಂಡು ಅವನ ಬೀದಿಯ ಬಾಯಲ್ಲಿ ಇಳಿಸಿಹೋಗಬೇಕು ಅಂದುಕೊಂಡಿದ್ದೆವು, ಅದೂ ಆಗಲಿಲ್ಲ. ನಾನು ಪಕ್ಕದಲ್ಲಿ ಹತ್ತಿ ಕೂತೊಡನೆ ಅಪ್ಪ ವತ್ತಲಗುಂಡಿನ ರಸ್ತೆ ಹಿಡಿದ. ನನಗೆ ನಾಚಿಕೆಯಾಗಿತ್ತು ಅಂತ ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ನನಗೆ ಸಿಟ್ಟು ಬಂದಿತ್ತು, ಅಳು ಬರುವಷ್ಟು ಸಿಟ್ಟು. ನಾಲ್ಕು ವರ್ಷ ಕಾದು ಸಿಕ್ಕಿದ್ದನ್ನು ಕೈಯಾರೆ ಒರೆಸಿ ಬಂದನಲ್ಲ, ಯಾವ ದೇವರು ಮೆಚ್ಚಬೇಕು ಇದನ್ನು? ಪೆರಿಯಕುಳಂ ದಾಟಿದ ಮೇಲೆ, ರಸ್ತೆಯ ಎರಡೂ ಕಡೆ ಹುಣಿಸೆಮರದ ನೆರಳು ಇದ್ದ ಕಡೆ, ಅಪ್ಪ ವೇಗ ಕಮ್ಮಿ ಮಾಡಿದ. ಮುಂದೆಯೇ ನೋಡುತ್ತ, ಮೆಲ್ಲಗೆ ಕೇಳಿದ.

"ಎಷ್ಟ್ ಬಂದಿತ್ತು ಮಗಾ?"

ಆಗ ನನಗೆ ಹೊಳೆಯಿತು. ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಓದದೆಯೇ ಅಳಿಸಿದ್ದ. ಹೊಳೆದರೂ ನನ್ನ ನಾಲಿಗೆ ನಿಲ್ಲಲಿಲ್ಲ.

"ಅಳ್ಸಿದವ್ರು ನೀವು. ನನ್ನ ಯಾಕ್ ಕೇಳ್ತೀರಿ?"

ಅಪ್ಪ ತಲೆಯಾಡಿಸಿದ, ನಾನು ಹೇಳಿದ್ದು ಸರಿ ಅನ್ನುವ ಹಾಗೆ. ಮತ್ತೆ ವೇಗ ಹೆಚ್ಚಿಸಿದ.

ಅದಾದ ಮೇಲೆ ಅಪ್ಪ ಗಾಡಿ ಓಡಿಸಲಿಲ್ಲ. ಇನ್ನೂ ಹದಿನಾಲ್ಕು ವರ್ಷ ಇದ್ದ, ಅದರಲ್ಲಿ ಹತ್ತು ವರ್ಷ ಏನೂ ಕಾಣದೆ. ನಾನು ದಿನಾ ಪೇಪರ್ ಓದಿ ಹೇಳುತ್ತಿದ್ದೆ. ಮಳೆಯ ಸುದ್ದಿ, ದ್ರಾಕ್ಷಿಯ ಸುದ್ದಿ, ಯಾರ ಮನೆಯ ಮದುವೆ, ಎಲ್ಲ ಕೇಳುತ್ತಿದ್ದ. ಅದೊಂದನ್ನು ಮಾತ್ರ ಇನ್ನೊಮ್ಮೆ ಕೇಳಲಿಲ್ಲ. ಇನ್ನೊಮ್ಮೆ ಕೇಳಿದರೆ ಹೇಳೋಣ ಅಂತ ನಾನೂ ಕಾದುಕೊಂಡು ಕೂತೆ. ಅವನ ಮಗಳಲ್ಲವೇ ನಾನು, ಕೇಳದೆ ಹೇಳುವುದು ಹೇಗೆ!

ಮೂರು ನಿಮಿಷ ಹನ್ನೊಂದು ಸೆಕೆಂಡು, ಅಪ್ಪಾ.